ಇನ್ನೊಂದ್ಸಲ ಹೇಳ್ರಿ ಸರ

ಮೊದಲು ಒಂದು ಸಣ್ಣ ಲೆಕ್ಕ. 40 ನಿಮಿಷದ ಇಂಗ್ಲಿಷ್ ಪಿರಿಯಡ್, ತರಗತಿಯಲ್ಲಿ 50 ಮಕ್ಕಳು. ಮೇಷ್ಟ್ರು ಬಹಳ ಉದಾರಿ ಅಂತ ಇಟ್ಟುಕೊಳ್ಳಿ, ಅರ್ಧ ಪಿರಿಯಡ್ಡು ಮಕ್ಕಳ ಮಾತಿಗೇ ಬಿಟ್ಟುಕೊಡುತ್ತಾರೆ. 20 ನಿಮಿಷ ಅಂದರೆ 1200 ಸೆಕೆಂಡು. ಒಬ್ಬೊಬ್ಬರೇ ಎದ್ದು ನಿಂತು ಮಾತಾಡಿದರೆ ಒಬ್ಬರ ಪಾಲಿಗೆ ಬರೋದು 24 ಸೆಕೆಂಡು. ಅದೇ 20 ನಿಮಿಷ ಬೆಂಚಿನಲ್ಲಿ ಪಕ್ಕಪಕ್ಕ ಕೂತ ಇಬ್ಬಿಬ್ಬರು ಮಾತಾಡಿಕೊಂಡರೆ ತಲಾ 600 ಸೆಕೆಂಡು. 25 ಪಟ್ಟು ಜಾಸ್ತಿ. ಇದಕ್ಕೆ ಹೊಸ ಕಟ್ಟಡ ಬೇಡ, ಪ್ರೊಜೆಕ್ಟರ್ ಬೇಡ, ಸ್ಮಾರ್ಟ್ ಬೋರ್ಡೂ ಬೇಡ.

ನಮಗೆ ಈ 24 ಸೆಕೆಂಡೂ ಸಿಕ್ಕಿರಲಿಲ್ಲ. ನಾವು ಅಂದರೆ ನಾಲ್ಕು ಜನ. ಕೊಪ್ಪಳದವನೊಬ್ಬ, ಗಂಗಾವತಿಯವನೊಬ್ಬ, ಕುಷ್ಟಗಿಯವನೊಬ್ಬ, ಯಲಬುರ್ಗಿಯವನೊಬ್ಬ. ನಾಲ್ವರೂ ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮ. ಹಾಸ್ಟೆಲ್ಲಿನಲ್ಲಿ ನಮ್ಮ ಮೂಲೆಗೆ 'ಕೊಪ್ಪಳ ಜಿಲ್ಲಾ ಪಂಚಾಯ್ತಿ' ಅಂತ ಸೀನಿಯರ್‌ಗಳೇ ಹೆಸರಿಟ್ಟಿದ್ದಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಹಾಗಾಗಿ ಇಂಗ್ಲಿಷ್ ಕಲಿಯಲಿಲ್ಲ ಅಂತ ನಾವು ಹೇಳೋ ಹಾಗಿಲ್ಲ. ಹತ್ತು ವರ್ಷ ಕಲಿತಿದ್ದೇವೆ. ಆದರೆ ಆ ಹತ್ತು ವರ್ಷದಲ್ಲಿ ನಮ್ಮ ನಾಲ್ವರಲ್ಲಿ ಒಬ್ಬನೂ ಇಂಗ್ಲಿಷಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಉತ್ತರ ಕೊಟ್ಟಿದ್ದೇವೆ, ಪದ್ಯ ಒಪ್ಪಿಸಿದ್ದೇವೆ, ರಜಾಚೀಟಿ ಬರೆದಿದ್ದೇವೆ. ಪ್ರಶ್ನೆ ಮಾತ್ರ ಕೇಳಿಲ್ಲ.

ಕ್ಲಾಸು ಹೇಗೆ ನಡೀತಿತ್ತು ಅನ್ನೋದು ನಮ್ಮ ಕಡೆ ಓದಿದವರಿಗೆಲ್ಲ ಗೊತ್ತು. ಸರ್ ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಪ್ಯಾರಾ ಮುಗಿದ ಮೇಲೆ "ತಿಳೀತೇನ್ರೋ?" ಅಂತಾರೆ. ಐವತ್ತು ಬಾಯಿ ಒಂದೇ ರಾಗದಲ್ಲಿ "ತಿಳೀತ್ರೀ ಸರ". ಆಮೇಲೆ ಪ್ರಶ್ನೋತ್ತರ ಬೋರ್ಡಿನ ಮೇಲೆ ಬರುತ್ತದೆ, ನಾವು ಇಳಿಸಿಕೊಳ್ಳುತ್ತೇವೆ. ಸರ್ ಕೆಟ್ಟವರಲ್ಲ. ಅವರೂ ಹಿಂಗೇ ಕಲಿತು ಬಂದವರು. ಕೊನೆಗೆ ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನ 100 ಅಂಕದಲ್ಲಿ 80 ಕೂತು ಬರೆಯೋ ಪರೀಕ್ಷೆಗೆ. ಮಾತಾಡಿದರೆ ಎಷ್ಟು ಅಂಕ ಅಂತ ಯಾವ ಅಪ್ಪನೂ ಕೇಳಲಿಲ್ಲ, ಯಾವ ಹೆಡ್‌ಮಾಸ್ಟರೂ ಕೇಳಲಿಲ್ಲ. ಹಂಗಿದ್ದಾಗ ಸರ್ ಒಬ್ಬರೇ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಈ ಥರದ ಮಾತುಕತೆಗೆ ಒಂದು ಆಕಾರ ಇದೆ ಅಂತ ನಮಗೆ ಗೊತ್ತಾಗಿದ್ದು ಇಲ್ಲಿಯ ಲೈಬ್ರರಿಗೆ ಬಂದ ಮೇಲೆ. ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ಮತ್ತು ಮಾಲ್ಕಮ್ ಕೂಲ್ಥಾರ್ಡ್ ಎಂಬಿಬ್ಬರು ತರಗತಿಯ ಮಾತುಗಳನ್ನು ಧ್ವನಿಮುದ್ರಿಸಿ, ಬಿಡಿಸಿ ನೋಡಿ 1975ರಲ್ಲಿ ಪುಸ್ತಕ ಬರೆದರು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ಉತ್ತರ ಕೊಡುತ್ತಾನೆ, ಮೇಷ್ಟ್ರು 'ಸರಿ' ಅಥವಾ 'ತಪ್ಪು' ಅಂತಾರೆ. ಈ ಮೂರು ಹೆಜ್ಜೆ ಮತ್ತೆ ಮತ್ತೆ ತಿರುಗುತ್ತಲೇ ಇರುತ್ತದೆ. ಗಮನಿಸಿ, ಮೂರರಲ್ಲಿ ಎರಡು ಪಾಲು ಮೇಷ್ಟ್ರದೇ. ಇನ್ನೂ ವಿಚಿತ್ರ ಅಂದರೆ, ಅವರು ಕೇಳೋ ಪ್ರಶ್ನೆಗೆ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮನೆಯಲ್ಲಿ ಉತ್ತರ ಗೊತ್ತಿರೋ ಪ್ರಶ್ನೆಯನ್ನು ಯಾರಾದರೂ ಕೇಳ್ತಾರಾ? "ಈ ಬಸ್ ಯಲಬುರ್ಗಿಗೆ ಹೋಗ್ತೈತೇನ್ರಿ?" ಅಂತ ಕೇಳಿದವನಿಗೆ ನಿಜವಾಗಲೂ ಯಲಬುರ್ಗಿಗೆ ಹೋಗಬೇಕಾಗಿರುತ್ತದೆ.

ಪಠ್ಯಪುಸ್ತಕದ ಮೇಲೆ ಇಂಗ್ಲಿಷ್ ದ್ವಿತೀಯ ಭಾಷೆ. ನಮಗೆ ಅದು ಶಾಲೆಯ ಗೇಟು ದಾಟಿದ ಕೂಡಲೇ ವಿದೇಶಿ ಭಾಷೆ. ಹೊಲದಲ್ಲಿ ಇಲ್ಲ, ಕಿರಾಣಿ ಅಂಗಡಿಯಲ್ಲಿ ಇಲ್ಲ, ಗವಿಮಠದ ಜಾತ್ರೆಯಲ್ಲೂ ಇಲ್ಲ. ಹಂಗಂತ ನಮ್ಮ ನೆಲಕ್ಕೆ ಪರಭಾಷೆ ಹೊಸದಲ್ಲ. ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮೂರಿನ ಬಂಡೆ ಬೇರೆ ಭಾಷೆ ಮಾತಾಡುತ್ತಿತ್ತು! ಆಮೇಲೆ ನಿಜಾಮರ ಕಾಲ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಕೊಪ್ಪಳ ಸಾಲಾರ್ ಜಂಗ್ ಜಹಗೀರಿಗೆ ಸೇರಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲೂ ಉರ್ದು. ನಮ್ಮ ಮುತ್ತಜ್ಜಂದಿರ ಕಾಲದವರು ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಮಾಡಿದರು. ಇವತ್ತಿಗೂ ನಾವು ಕ್ಲಾಸಿನಲ್ಲಿ ಕೊಡೋದು 'ಹಾಜರಿ'. ನಾವು ಹೆದರೋದು 'ತಹಶೀಲ್ದಾರ'ರಿಗೆ. ಈ ಪದಗಳು ಪಠ್ಯಪುಸ್ತಕದಿಂದ ನಮ್ಮ ಬಾಯಿಗೆ ಬಂದವಲ್ಲ, ಕಚೇರಿಯ ಬಾಗಿಲಲ್ಲಿ ದಿನಾ ಬಳಸಿ ಬಳಸಿ ಬಂದವು.

ಬಳಸಿ ಕಲಿಯೋದಕ್ಕೆ ನಮ್ಮ ಗಂಗಾವತಿಯವನ ಹತ್ತಿರ ಇನ್ನೂ ಹತ್ತಿರದ ಉದಾಹರಣೆ ಇದೆ. ಆನೆಗೊಂದಿ, ಸಾಣಾಪುರ, ವಿರೂಪಾಪುರಗಡ್ಡೆ ಎಲ್ಲ ಅವನ ತಾಲ್ಲೂಕೇ. ಹಂಪಿ ನೋಡಲು ಬಂದ ವಿದೇಶಿಯರು ಹೊಳೆ ದಾಟಿ ಗಡ್ಡೆಗೆ ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ಇಸ್ರೇಲಿನವರು ಎಷ್ಟು ಬರುತ್ತಿದ್ದರೆಂದರೆ ಹೋಟೆಲ್ಲುಗಳ ಬೋರ್ಡು, ಮೆನುಗಳಲ್ಲಿ ಹೀಬ್ರೂ ಅಕ್ಷರ ಇರುತ್ತಿತ್ತು. ತೆಪ್ಪ ಹಾಕುವ ಹುಡುಗರು, ಆಟೋದವರು, ಎಳನೀರು ಮಾರುವವರು ಇಂಗ್ಲಿಷನ್ನು ಸರಾಗವಾಗಿ, ಹೀಬ್ರೂವನ್ನು ಅಷ್ಟಿಷ್ಟು ಆಡುತ್ತಿದ್ದರು. ಯಾರೂ ಅವರಿಗೆ ಗ್ರಾಮರ್ ಹೇಳಿಕೊಟ್ಟಿರಲಿಲ್ಲ. ಗಿರಾಕಿಗೆ ಹೊಳೆ ದಾಟಬೇಕು, ಇವನಿಗೆ ದುಡ್ಡು ಬೇಕು. ಒಂದು ಮಾತು ತಿಳಿಯದಿದ್ದರೆ ಇಬ್ಬರೂ ಕೈಸನ್ನೆ ಮಾಡಿ, ಇನ್ನೊಂದು ಸಲ ಹೇಳಿ, ತಿಳಿಯುವವರೆಗೆ ಬಿಡುತ್ತಿರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿದರು. ಆ ಸಂತೆ ಅಲ್ಲಿಗೆ ನಿಂತಿತು.

ಇದನ್ನು ಹೇಳಿದಾಗ ನಮ್ಮ ಯಲಬುರ್ಗಿಯವನು ತಕ್ಷಣ ಒಂದು ಆಕ್ಷೇಪ ಎತ್ತಿದ. "ಅಂವ ರೇಟ್ ಹೇಳ್ತಾನ, ದಾರಿ ಹೇಳ್ತಾನ, ಖರೆ. ಒಂದ್ ಅರ್ಜಿ ಬರಿ ಅಂದ್ರ ಬರೀತಾನೇನು?" ಮಾತು ಸರಿಯಾಗಿತ್ತು. ತೆಪ್ಪದ ಇಂಗ್ಲಿಷ್ ತೆಪ್ಪದ ಸುತ್ತಲೇ ತಿರುಗುತ್ತದೆ. ನಮಗೆ ಬೇಕಾಗಿರೋದು ಥರ್ಮೋಡೈನಾಮಿಕ್ಸ್ ಓದೋ ಇಂಗ್ಲಿಷ್, ವೈವಾದಲ್ಲಿ ಕಾರಣ ಹೇಳೋ ಇಂಗ್ಲಿಷ್. ಅದಕ್ಕೆ ತರಗತಿಯೇ ಬೇಕು. ಆದರೆ ತೆಪ್ಪದಲ್ಲಿರೋ ಆ ಗರಜನ್ನು ತರಗತಿಯೊಳಗೆ ತರೋಕಾಗುತ್ತಾ ಅನ್ನೋದು ಪ್ರಶ್ನೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ, ನಮ್ಮದೇ ರಾಜ್ಯದಲ್ಲಿ ಒಬ್ಬರು ಕೇಳಿ ಪ್ರಯೋಗ ಮಾಡಿದ್ದಾರೆ. ಎನ್. ಎಸ್. ಪ್ರಭು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಯೋಜನೆ ನಡೆಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರು. ವ್ಯಾಕರಣದ ಪಾಠ ಮಾಡೋದೇ ಬೇಡ, ಮಕ್ಕಳಿಗೆ ಬಿಡಿಸೋಕೆ ಒಂದು ಸಮಸ್ಯೆ ಕೊಡಿ, ಇಂಗ್ಲಿಷಿನಲ್ಲೇ ಬಿಡಿಸಲಿ ಅನ್ನೋದು ಅವರ ದಾರಿ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಇಂಥವು. ಲಕ್ಷ್ಯವೆಲ್ಲ ಸಮಸ್ಯೆಯ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅಂತ ಅವರ ನಂಬಿಕೆ. ಇದರ ಬಗ್ಗೆ 1987ರಲ್ಲಿ ಅವರ ಪುಸ್ತಕ ಬಂತು. ಇವತ್ತು ಟಾಸ್ಕ್ ಆಧಾರಿತ ಬೋಧನೆ ಅಂತ ಯಾವ ದೇಶದಲ್ಲಿ ಮಾತು ಬಂದರೂ ಬೆಂಗಳೂರಿನ ಹೆಸರು ಬರುತ್ತದೆ. ಬೆಂಗಳೂರಿನಲ್ಲೇ ಇಂಜಿನಿಯರಿಂಗ್ ಓದೋ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಪ್ರಭು ಚಟುವಟಿಕೆಗಳನ್ನು ಮೂರು ಬಗೆಯ ಅಂತರಗಳಾಗಿ ಬಿಡಿಸಿದರು. ನನ್ನ ಹತ್ತಿರ ಇರೋ ಮಾಹಿತಿ ನಿನ್ನ ಹತ್ತಿರ ಇಲ್ಲ, ಅದು ಮಾಹಿತಿಯ ಅಂತರ. ಇರೋ ಮಾಹಿತಿಯಿಂದ ಹೊಸದೊಂದನ್ನು ಲೆಕ್ಕ ಹಾಕಿ ತೆಗೆಯಬೇಕು, ಅದು ತರ್ಕದ ಅಂತರ. ನಿನಗನ್ನಿಸಿದ್ದು ನನಗನ್ನಿಸಿಲ್ಲ, ಅದು ಅಭಿಪ್ರಾಯದ ಅಂತರ. ಮೂರರಲ್ಲಿ ತರ್ಕದ ಅಂತರವೇ ತರಗತಿಗೆ ಹೆಚ್ಚು ಒದಗುತ್ತದೆ ಅಂತ ಅವರು ಕಂಡುಕೊಂಡರು. ವೋಲ್ಟೇಜ್ ವ್ಯತ್ಯಾಸ ಇಲ್ಲದೆ ಕರೆಂಟ್ ಹರಿಯಲ್ಲ ಅಂತ ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಮಾತೂ ಹಂಗೇ. ಇಬ್ಬರ ನಡುವೆ ಏನೋ ಒಂದು ವ್ಯತ್ಯಾಸ ಇದ್ದರೆ ಹರಿಯುತ್ತದೆ.

ಇನ್ನೊಂದು ಸಂಗತಿ ನಮಗೆ ಆಶ್ಚರ್ಯ ತಂದಿತು. ಪ್ರಭು ಗುಂಪು ಚಟುವಟಿಕೆಗೆ ಒಲವು ತೋರಲಿಲ್ಲ. ಕಲಿಯುವವರು ತಮ್ಮತಮ್ಮಲ್ಲೇ ಮಾತಾಡಿದರೆ ಒಬ್ಬರ ಅರೆಬರೆ ಭಾಷೆ ಇನ್ನೊಬ್ಬರಿಗೆ ಅಂಟಿ ಅಲ್ಲೇ ಗಟ್ಟಿಯಾಗುತ್ತದೆ ಅಂತ ಅವರ ಆತಂಕ. ಮೇಷ್ಟ್ರು ಇಡೀ ತರಗತಿಯ ಜೊತೆ ಒಂದು ಸಮಸ್ಯೆಯನ್ನು ಮಾತಾಡುತ್ತಾ ಬಿಡಿಸಬೇಕು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸಬೇಕು. ಅಂದರೆ ಮೇಲೆ ಹಾಕಿದ 24 ಸೆಕೆಂಡು, 600 ಸೆಕೆಂಡಿನ ಲೆಕ್ಕ ಅರ್ಧ ಮಾತು ಮಾತ್ರ. ಬಾಯಿ ಎಷ್ಟು ಹೊತ್ತು ಆಡಿತು ಅನ್ನೋದರ ಜೊತೆಗೆ, ಯಾಕೆ ಆಡಿತು, ಎದುರಿಗಿರೋರು ಎಷ್ಟು ಕಾದರು ಅನ್ನೋದೂ ಲೆಕ್ಕಕ್ಕೆ ಬರಬೇಕು.

ಕಾಯೋದರ ಲೆಕ್ಕವನ್ನೂ ಒಬ್ಬರು ಹಾಕಿದ್ದಾರೆ. ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲಿ ಬರೆದರು. ಪ್ರಶ್ನೆ ಕೇಳಿದ ಮೇಷ್ಟ್ರು ಸಾಮಾನ್ಯವಾಗಿ ಕಾಯೋದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂತವರೂ ಮಾತಾಡುತ್ತಾರೆ, ಮಕ್ಕಳು ತಾವೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ. ಮನೆಭಾಷೆಯಲ್ಲೇ ಮೂರು ಸೆಕೆಂಡು ಬೇಕಾದರೆ, ಮೊದಲು ಕನ್ನಡದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷಿಗೆ ತರುವ ನಮ್ಮಂಥವರಿಗೆ ಎಷ್ಟು ಬೇಕು?

ಇದು ನಮಗೆ ಬರೀ ಓದಿನ ವಿಷಯ ಅಲ್ಲ. ಮೊದಲ ಸೆಮಿಸ್ಟರಿನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ವೈವಾ. ಟ್ರಾನ್ಸ್‌ಫಾರ್ಮರ್ ಕೋರನ್ನು ಯಾಕೆ ತೆಳು ಹಾಳೆಗಳಿಂದ ಮಾಡುತ್ತಾರೆ ಅಂತ ನಮ್ಮ ಕುಷ್ಟಗಿಯವನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು. ಅವನು ಬಾಯಿ ತೆರೆಯೋ ಮೊದಲೇ 'ನೆಕ್ಸ್ಟ್' ಆಯಿತು. ರಾತ್ರಿ ರೂಮಿನಲ್ಲಿ ಅವನೇ ನಮಗೆ ವಿವರಿಸಿದ: "ಗಟ್ಟಿ ಕಬ್ಣ ಇಟ್ರ ಅದರೊಳಗ ಕರೆಂಟು ಸುಳಿ ಸುಳಿ ಸುತ್ತತೈತಿ, ಸುಮ್ನ ಬಿಸಿ ಆಗಿ ಪವರ್ ಹಾಳ್ ಆಗತೈತಿ. ಅದಕ್ಕ ಹಾಳಿ ಹಾಳಿ ಮಾಡಿ, ನಡುವ ವಾರ್ನಿಶ್ ಹಚ್ಚಿ ಆ ಸುಳಿ ದಾರಿ ಕಟ್ ಮಾಡ್ತಾರ." ಇದಕ್ಕಿಂತ ಚೆಂದದ ಉತ್ತರ ನಮ್ಮ ಪುಸ್ತಕದಲ್ಲೂ ಇರಲಿಲ್ಲ. ಆದರೆ ಅದಕ್ಕೆ ಅಂಕ ಬರಲಿಲ್ಲ. ಅವನಪ್ಪ ದಾಳಿಂಬೆ ಬೆಳೆಯೋ ರೈತ, ಆ ವರ್ಷ ಫೀಸಿಗೆ ಸಾಲ ಮಾಡಿದ್ದರು. ಹೈದರಾಬಾದ್ ಕರ್ನಾಟಕದ 371(ಜೆ) ಮೀಸಲಾತಿಯಲ್ಲಿ ಸೀಟು ಸಿಕ್ಕಿತ್ತು. "ಸೀಟ್ ಕೊಟ್ರು, ಮಾತ್ ಯಾರ್ ಕೊಡ್ತಾರಲೇ? ಊರಿಗೆ ಹೋಗಿ ಬಿ.ಎ. ಮಾಡ್ತೀನಿ" ಅಂದ. ತಮಾಷೆಗೆ ಅಂದಿದ್ದಲ್ಲ. ಬ್ಯಾಗು ತುಂಬಿಕೊಂಡಿದ್ದ.

ಆಗ ಶುರುವಾಗಿದ್ದು ನಮ್ಮ ಗುರುವಾರದ ಕೂಟ. ಕನ್ನಡ ಸಂಘದ ಕೋಣೆಯಲ್ಲಿ, ರಾತ್ರಿ ಊಟ ಆದ ಮೇಲೆ, 40 ನಿಮಿಷ. ಮೊದಲು ನಾವು ನಾಲ್ವರೇ. ಆಮೇಲೆ ಜಾರ್ಖಂಡ್, ಬಿಹಾರದ ಗೆಳೆಯರು ಮೂವರು ಸೇರಿಕೊಂಡರು. ಅವರಿಗೆ ವಿಟಿಯು ಪಠ್ಯದ 'ಬಳಕೆ ಕನ್ನಡ' ಪಾಸಾಗಬೇಕಿತ್ತು. ಅವರ ಇಂಗ್ಲಿಷ್ ನಮಗೆ, ನಮ್ಮ ಕನ್ನಡ ಅವರಿಗೆ ಅಂತ ಕರಾರಾಯಿತು. ಅರ್ಧ ಹೊತ್ತು ಇಂಗ್ಲಿಷ್, ಅರ್ಧ ಹೊತ್ತು ಕನ್ನಡ.

ಪ್ರಭು ಅವರ ರೈಲು ವೇಳಾಪಟ್ಟಿಯನ್ನೇ ನಮ್ಮ ಊರಿಗೆ ತಂದೆವು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಹಾಗಾಗಿ ರೈಲು ಅಂದರೆ ನಮಗೆ ಇನ್ನೂ ಹೊಸ ಹುರುಪು. ಎರಡು ಚೀಟಿ ಮಾಡಿದೆವು. ಒಂದರಲ್ಲಿ ಹುಬ್ಬಳ್ಳಿ, ಗದಗದ ವೇಳೆ ಇದೆ, ಭಾಣಾಪುರ, ಕೊಪ್ಪಳದ್ದು ಖಾಲಿ. ಇನ್ನೊಂದರಲ್ಲಿ ಉಲ್ಟಾ. ಒಬ್ಬರ ಚೀಟಿ ಇನ್ನೊಬ್ಬರು ನೋಡಂಗಿಲ್ಲ, ಕೇಳಿಯೇ ತುಂಬಬೇಕು. ಆಮೇಲೆ ಕೊನೆಯ ಪ್ರಶ್ನೆ: ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿ ಇರಬೇಕಾದರೆ ಯಲಬುರ್ಗಿಯಿಂದ ಕೊಪ್ಪಳಕ್ಕೆ ಎಷ್ಟು ಗಂಟೆಯ ಬಸ್ ಹಿಡಿಯಬೇಕು? ಇದರ ಮೇಲೆ ನಡೆದ ಜಗಳದಲ್ಲಿ ನಾವು ಇಂಗ್ಲಿಷ್ ಮಾತಾಡ್ತಾ ಇದ್ದೀವಿ ಅನ್ನೋದೇ ಮರೆತುಹೋಯಿತು. "ನೋ ನೋ, ಬಸ್ ಈಸ್ ಆಲ್ವೇಸ್ ಲೇಟ್, ಯು ಡೋಂಟ್ ನೋ ಯಲಬುರ್ಗಾ ಬಸ್!" ಅಂತ ಕುಷ್ಟಗಿಯವನು ಮೇಜು ಕುಟ್ಟಿದಾಗ ಎಲ್ಲರೂ ಸುಮ್ಮನಾಗಿ ಅವನ ಮುಖ ನೋಡಿದೆವು.

ಕನ್ನಡದ ಪಾಳಿ ಇನ್ನೂ ಮಜಾ. ಜಾರ್ಖಂಡಿನವನ ಪುಸ್ತಕದಲ್ಲಿ 'ನಾನು ಹೋಗುತ್ತಿದ್ದೇನೆ' ಅಂತ ಇದೆ. ನಾವು 'ನಾ ಹೊಂಟೀನಿ' ಅಂತೀವಿ. "ಇದು ಕನ್ನಡಾನಾ?" ಅಂತ ಅವನಿಗೆ ಅನುಮಾನ. ಕೊಪ್ಪಳದವನಿಗೆ ಸಿಟ್ಟು ಬಂತು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು ಅಂತ ಐದು ನಿಮಿಷ ಭಾಷಣ ಬಿಗಿದ. ಪಾಪ, ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಕೊನೆಗೆ ಮೆಲ್ಲಗೆ ಅಂದ: "ಇನ್ನೊಂದ್ಸಲ ಹೇಳ್ರಿ ಸರ." ನಾವೇ ಕಲಿಸಿದ ಮೊದಲ ವಾಕ್ಯ ಅದು.

ಅವರು ಕನ್ನಡಕ್ಕೆ ತಡಕಾಡುವಾಗ ನಮಗೆ ಒಂದು ವಿಷಯ ಮೈಗೆ ಹತ್ತಿತು. ಭಾಷೆ ಬಲ್ಲವನಿಗೆ ಸುಮ್ಮನಿರೋದು ಎಷ್ಟು ಕಷ್ಟ! ಎದುರಿನವನು ಪದ ಹುಡುಕುತ್ತಿದ್ದರೆ ನಮ್ಮ ನಾಲಿಗೆ ತಾನೇ ಮುಂದೆ ಹೋಗಿ ಅವನ ವಾಕ್ಯ ಮುಗಿಸುತ್ತದೆ. ಒಳ್ಳೆ ಮನಸ್ಸಿನಿಂದಲೇ ಮಾಡ್ತೀವಿ. ಆದರೆ ಅವನ ಮಾತು ಅಲ್ಲಿಗೆ ಸತ್ತಿತು. ನಮ್ಮ ಶಾಲೆಯ ಸರ್ ಮಾಡುತ್ತಿದ್ದದ್ದೂ, ವೈವಾದಲ್ಲಿ ಆದದ್ದೂ ಇದೇ. ಅದಕ್ಕೆ ಕೂಟದಲ್ಲಿ ಮೂರು ನಿಯಮ ಮಾಡಿಕೊಂಡೆವು. ಉತ್ತರ ಗೊತ್ತಿರೋ ಪ್ರಶ್ನೆ ಕೇಳಂಗಿಲ್ಲ. ಎದುರಿನವನು ಶುರು ಮಾಡೋವರೆಗೆ ಮನಸ್ಸಿನಲ್ಲೇ ಐದು ಎಣಿಸಬೇಕು. ಮಾತು ಮುಗಿಯೋವರೆಗೆ ತಿದ್ದಂಗಿಲ್ಲ, ತಿದ್ದೋದಿದ್ದರೆ ಕೊನೆಯಲ್ಲಿ ಒಂದೇ ಒಂದು.

ಎರಡನೇ ಸೆಮಿಸ್ಟರಿನ ವೈವಾದಲ್ಲಿ ಕುಷ್ಟಗಿಯವನಿಗೆ ಮತ್ತೆ ಪ್ರಶ್ನೆ ತಿಳಿಯಲಿಲ್ಲ. ಈ ಸಲ ಅವನು ಸುಮ್ಮನೆ ನಿಲ್ಲಲಿಲ್ಲ. "ಸರ್, ಪ್ಲೀಸ್ ಸೇ ಒನ್ಸ್ ಮೋರ್" ಅಂದ. ಎಕ್ಸಾಮಿನರ್ ನಿಧಾನವಾಗಿ, ಬೇರೆ ಪದಗಳಲ್ಲಿ ಇನ್ನೊಮ್ಮೆ ಕೇಳಿದರು. ಅವನು ಮುರಿದ ವಾಕ್ಯಗಳಲ್ಲಿ, ಪೇಪರಿನ ಮೇಲೆ ಚಿತ್ರ ಬರೆದು ಉತ್ತರ ಹೇಳಿದ. ಪೂರ್ತಿ ಅಂಕ ಬರಲಿಲ್ಲ, ಪಾಸಾದ. ಬಿ.ಎ. ಮಾತು ಆಮೇಲೆ ಬಂದಿಲ್ಲ. ಅವನ ಇಂಗ್ಲಿಷ್ ರಾತ್ರೋರಾತ್ರಿ ಸುಧಾರಿಸಿತು ಅಂತ ಹೇಳಲ್ಲ. ಸುಧಾರಿಸಿದ್ದು ಒಂದೇ: ತಿಳಿಯದಿದ್ದಾಗ ಮಾತು ನಿಲ್ಲಿಸೋ ಬದಲು ಮುಂದುವರಿಸೋದು ಅವನಿಗೆ ಬಂತು.

ನಮ್ಮ ಸೀನಿಯರ್ ಒಬ್ಬರು ಎಂ.ಎಸ್. ಮಾಡೋಕೆ ಜರ್ಮನಿಗೆ ಹೊರಟಿದ್ದಾರೆ, ಗಯಟೆ ಇನ್‌ಸ್ಟಿಟ್ಯೂಟಿನ ಎ-1 ಪರೀಕ್ಷೆ ಕಟ್ಟಿದ್ದರು. ಅದು ತೀರಾ ಆರಂಭದ ಹಂತ. ಆದರೂ ಓದೋದು, ಬರೆಯೋದು, ಕೇಳಿಸಿಕೊಳ್ಳೋದು, ಮಾತಾಡೋದು ನಾಲ್ಕಕ್ಕೂ ಸಮ ಅಂಕ. ಮಾತಿನ ಭಾಗದಲ್ಲಿ ಅಭ್ಯರ್ಥಿಗಳು ಒಟ್ಟಿಗೆ ಕೂತು, ಕೈಗೆ ಬಂದ ಚೀಟಿ ನೋಡಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಬೇಕು, ಏನಾದರೂ ಬೇಕು ಅಂತ ವಿನಂತಿಸಬೇಕು. ಕೆಲವೇ ತಿಂಗಳು ಜರ್ಮನ್ ಕಲಿತವರಿಂದ ಅವರು ಪ್ರಶ್ನೆ ನಿರೀಕ್ಷಿಸುತ್ತಾರೆ. ಹತ್ತು ವರ್ಷ ಇಂಗ್ಲಿಷ್ ಕಲಿತ ನಮ್ಮಿಂದ ಯಾರೂ ನಿರೀಕ್ಷಿಸಲಿಲ್ಲ. ಪರೀಕ್ಷೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಂತ ಪರೀಕ್ಷೆ ಬದಲಾಗೋವರೆಗೆ ಕಾಯಬೇಕಾಗಿಲ್ಲ. ಈ ರಜೆಯಲ್ಲಿ ನಾವು ನಾಲ್ವರೂ ಓದಿದ ನಮ್ಮ ನಮ್ಮ ಶಾಲೆಗೆ ಹೋಗಿ ಎಂಟನೇ ತರಗತಿಯ ಜೊತೆ ಒಂದೊಂದು ಪಿರಿಯಡ್ ಕೂರಬೇಕು ಅಂತ ಮಾಡಿದ್ದೇವೆ. ಇಬ್ಬರು ಹೆಡ್‌ಮಾಸ್ಟರು ಹೂಂ ಅಂದಿದ್ದಾರೆ. ಒಬ್ಬರು "ಸಿಲಬಸ್ ಮುಗಿಸಬೇಕ್ರಪಾ, ಇಪ್ಪತ್ತ ನಿಮಿಷ ತಗೋರಿ" ಅಂದರು. ಇಪ್ಪತ್ತು ನಿಮಿಷ ಸಾಕು. ರೈಲಿನ ಚೀಟಿಗಳು ತಯಾರಿವೆ. ಕೊಪ್ಪಳದವನು ಕಿನ್ನಾಳದ ಗೊಂಬೆ ಎರಡು ಒಯ್ಯುತ್ತಾನಂತೆ. ಒಂದು ಮಗು ಗೊಂಬೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಬೇಕು, ಉಳಿದವರು ಪ್ರಶ್ನೆ ಕೇಳಿ ಕೇಳಿ ಅದು ಯಾವುದು, ಬಣ್ಣ ಯಾವುದು ಅಂತ ಕಂಡುಹಿಡಿಯಬೇಕು. ನಾವು ಪಾಠ ಮಾಡಲ್ಲ. ಐದು ಎಣಿಸ್ತೀವಿ.

ಆಮೇಲೆ ಹೊಸ ಬ್ಯಾಚು ಬರುತ್ತದೆ. ಅದರಲ್ಲಿ ಕನ್ನಡ ಮಾಧ್ಯಮದಿಂದ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರೋರು ಇದ್ದೇ ಇರುತ್ತಾರೆ, ಕನ್ನಡ ಬರದೆ ಮೆಸ್ಸಿನಲ್ಲಿ ಸುಮ್ಮನೆ ಉಣ್ಣೋರೂ ಇರುತ್ತಾರೆ. ಇಬ್ಬರಿಗೂ ಹೇಳಿಬಿಡಿ: ಗುರುವಾರ, ರಾತ್ರಿ ಊಟ ಆದ ಮೇಲೆ, ಕನ್ನಡ ಸಂಘದ ಕೋಣೆ. ಯಾವ ಭಾಷೆಯೂ ಚೆನ್ನಾಗಿ ಬರಬೇಕಂತೇನಿಲ್ಲ. ಗೊತ್ತಿಲ್ಲದ ಒಂದು ಪ್ರಶ್ನೆ ಕೈಯಲ್ಲಿ ಹಿಡ್ಕೊಂಡು ಬರ್ರಿ, ಸಾಕು.